ಭಂಗಿ, ಚಿಲುಮೆ, ಅಣಬೆ: ನಶೆ ಇಳಿದ ಮೇಲೆ ದೇವರು ಉಳಿದನೇ?

ತುಂಗಾತೀರದವ (ಚರ್ಚೆ ಶುರು ಮಾಡಿದವರು)

ಮೊದಲೇ ಹೇಳಿಬಿಡ್ತೀನಿ, ಇದು ‘ಎಲ್ಲಿ ಸಿಗುತ್ತೆ, ಎಷ್ಟು ತಗೋಬೇಕು’ ಅನ್ನೋ ಚರ್ಚೆ ಅಲ್ಲ. ಅಂಥದ್ದನ್ನ ನಿರ್ವಾಹಕರು ಅಳಿಸ್ತಾರೆ, ಅಳಿಸಲಿ.

2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ತಂಡದ ಒಂದು ಸಮೀಕ್ಷೆ ಬಂತು. ‘ದೇವರು ಎದುರಿಗೆ ಬಂದ ಹಾಗಾಯ್ತು’ ಅನ್ನೋ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನ ಮಾತಾಡಿಸಿದ್ರು. ಕೆಲವರಿಗೆ ಏನೂ ತಗೊಳ್ಳದೆ ಆಗಿದ್ದು. ಹೆಚ್ಚಿನವರಿಗೆ ಸೈಲೊಸಿಬಿನ್ ಅನ್ನೋ ಅಂಶ ಇರೋ ಅಣಬೆ, ಎಲ್‌ಎಸ್‌ಡಿ, ಅಯವಾಸ್ಕ, ಡಿಎಂಟಿ ಇಂಥ ಭ್ರಮೆ ತರಿಸೋ ಪದಾರ್ಥಗಳಿಂದ ಆಗಿದ್ದು. ಹೀಗೆ ತಗೊಂಡವರಲ್ಲಿ ಮೊದಲು ನಾಸ್ತಿಕರಾಗಿದ್ದವರ ಪೈಕಿ ಸುಮಾರು ಮೂರನೇ ಎರಡು ಪಾಲು ಜನ ಆಮೇಲೆ ತಮ್ಮನ್ನ ನಾಸ್ತಿಕ ಅಂತ ಕರೆದುಕೊಳ್ಳಲಿಲ್ಲ.

ನನ್ನದು ಉಲ್ಟಾ. ಶಿವಮೊಗ್ಗ ಕಡೆಯ ಲಿಂಗಾಯತ ಮನೆ. ಲಿಂಗಪೂಜೆ ಆಗದೆ ಅಪ್ಪ ಕಾಫಿ ಲೋಟ ಮುಟ್ಟಲ್ಲ. ಎಂಜಿನಿಯರಿಂಗ್ ಹಾಸ್ಟೆಲ್ಲಲ್ಲಿ ಗಾಂಜಾ ಅಂಟಿಕೊಳ್ತು, ಕೆಲಸಕ್ಕೆ ಸೇರಿದ ಮೇಲೆ ಬಿಟ್ಟೆ. ಅಷ್ಟರಲ್ಲಿ ದೇವರೂ ಹೋಗಿದ್ದ. ಕಾರ್ತಿಕದ ದೀಪೋತ್ಸವದಲ್ಲಿ, ಮಠದ ಭಜನೆಯಲ್ಲಿ ಎದೆ ತುಂಬಿ ಕಣ್ಣಲ್ಲಿ ನೀರು ಬರ್ತಿತ್ತಲ್ಲ, ಹೂಬೇಹೂಬ್ ಅದೇ ಅನುಭವ ಹಾಸ್ಟೆಲ್ ತಾರಸಿ ಮೇಲೆ ಕಪ್ಪು ನೀರಿನ ಟ್ಯಾಂಕ್ ನೋಡ್ತಾ ಬಂತು. ಪಾಚಿ ಕಟ್ಟಿದ ಟ್ಯಾಂಕು, ಸೋರೋ ವಾಲ್ವು. ಅದರ ಮುಂದೆ ಕೈಮುಗಿಬೇಕು ಅನ್ನಿಸ್ತು. ಟ್ಯಾಂಕ್ ನೋಡಿದ್ರೂ ಬರೋ ಭಾವ ದೇವರಿಗೆ ಸಾಕ್ಷಿ ಹೇಗಾಗುತ್ತೆ ಅನ್ನೋ ಪ್ರಶ್ನೆ ಅವತ್ತು ಹೊಕ್ಕಿದ್ದು ಇವತ್ತಿಗೂ ಹೋಗಿಲ್ಲ.

ನಿಮ್ಮಲ್ಲಿ ಯಾರಿಗಾದ್ರೂ ನಂಬಿಕೆ ಬಂದಿದೆಯಾ, ಹೋಗಿದೆಯಾ? ಬರೀರಿ.

---

ಸುರಪುರದಾಂವ

ಅಣ್ಣಾರ, ನಮ್ಮ ಕಡಿ ಈ ಪ್ರಶ್ನಿನೇ ಹುಟ್ಟಂಗಿಲ್ಲ.

ಯಾದಗಿರಿ ಜಿಲ್ಲಾದಾಗ ಕೃಷ್ಣಾ ದಂಡಿ ಮ್ಯಾಲೆ ತಿಂಥಣಿ ಅದ. ಮೌನೇಶ್ವರಗ ಹಿಂದೂ ಮುಸ್ಲಿಂ ಇಬ್ಬರೂ ನಡಕೋತಾರ. ಜಾತ್ರ್ಯಾಗ ಗಾಂಜಾ ಪ್ರಸಾದ ಅಂತ ಚಿಟಿಕಿ ಪೊಟ್ಟಣ ಕೊಡೂದು ಪೇಪರಿನ್ಯಾಗೂ ಬಂದದ. ಕೆಲವರು ಸೇದತಾರ, ಕೆಲವರು ಕುದಿಸಿ ಕುಡೀತಾರ, ತಂಬಾಕದಂಗ ಬಾಯಾಗ ಇಟ್ಕೊಳ್ಳೋರೂ ಅದಾರ. ಶರಣರು, ಆರೂಢರು, ಅವಧೂತರು ಅಂತ ನಮ್ಮ ಕಡಿ ಬ್ಯಾರೆ ಬ್ಯಾರೆ ಪಂಥ ಅದಾವ, ಅವರಿಗೆ ಇದು ಹೊಸಾದಲ್ಲ.

ನಮ್ಮ ಕಾಕಾ ಚಿಲುಮಿ ಕಟ್ಟೂದು ನೋಡಬೇಕು. ಅಂಗೈಯಾಗ ಸೊಪ್ಪು ಹಾಕ್ಕೊಂಡು ಬೀಜ, ಕಡ್ಡಿ ಒಂದೊಂದ ಆರಿಸಿ ತಗೀತಾನ. ಎರಡು ಹನಿ ನೀರು ಬಿಟ್ಟು ಹೆಬ್ಬಟ್ಟಿಲೆ ತಿಕ್ಕತಾನ, ತಿಕ್ಕಿದ್ದೇ ತಿಕ್ಕಿದ್ದು, ಅರ್ಧ ಪದ ಮುಗೀತದ ಅಷ್ಟರಾಗ. ಅರಬಿ ತುಂಡು ತೊಯಿಸಿ ಹಿಂಡಿ ಚಿಲುಮಿ ಬುಡಕ್ಕ ಸುತ್ತತಾನ. ಹಣಿಗೆ ಹಚ್ಚಿ ಗುರುವಿನ ಹೆಸರು ತಗೊಂಡ ಮ್ಯಾಲೇ ಬೆಂಕಿ. ಸೇದಿ ಹರಟಿ ಹೊಡೆಯಾಕ ಕುಂತ ಹುಡುಗರನ್ನ ‘ಏಳ್ರಿ ಮನಿಗಿ’ ಅಂತ ಎಬ್ಬಿಸಿ ಕಳಸ್ತಾನ. ಉಳಿದವರು ಏಕತಾರಿ, ದಮ್ಮಡಿ ಹಿಡಕೊಂಡು ಬೆಳತನಕ ತತ್ವಪದ ಹಾಡತಾರ.

ಆ ಮಂದ್ಯಾಗ ‘ಸೇದಿದೆ, ದೇವರು ಕಂಡ’ ಅನ್ನಾಂವ ಒಬ್ಬನೂ ಸಿಗಂಗಿಲ್ಲ. ದೇವರು ಮೊದಲ ಅದಾನ. ಸೊಪ್ಪು ಬರೇ ಹರದಾಡೋ ಮನಸ್ಸು ಒಂದ್ ಕಡಿ ನಿಂದರಸಾಕ. ನಿಮ್ಮ ಹಾಸ್ಟೆಲ್ಲಿನ್ಯಾಗ ಸೊಪ್ಪು ಇತ್ತು, ಗುರು ಇದ್ದಿಲ್ಲ. ಅದಕ್ಕ ಟ್ಯಾಂಕಿಗೆ ಕೈಮುಗದ್ರಿ.

---

ಚಾರ್ವಾಕನ ಸೋದರಳಿಯ

ತುಂಗಾತೀರದವರೇ, ಆ 2019ರ ಸಮೀಕ್ಷೆಯ ಅಂಕಿ ಎಲ್ಲರ ಬಾಯಲ್ಲೂ ಓಡಾಡ್ತಿದೆ, ಆದ್ರೆ ಅದನ್ನು ಹೇಗೆ ಲೆಕ್ಕ ಹಾಕಿದ್ರು ಅಂತ ಯಾರೂ ನೋಡಲ್ಲ. ಅವರು ಕರೆದಿದ್ದೇ ‘ದೇವರ ಅನುಭವ ಆದವರು ಬನ್ನಿ’ ಅಂತ. ಅಣಬೆ ತಿಂದು ಬರೀ ಗೋಡೆಯ ಬಣ್ಣ ನೋಡ್ತಾ ಕೂತವರು, ವಾಂತಿ ಮಾಡಿಕೊಂಡು ಮಲಗಿದವರು, ನಿಮ್ಮ ಥರ ನಂಬಿಕೆ ಕಳಕೊಂಡವರು ಆ ಲೆಕ್ಕಕ್ಕೇ ಬರೋದಿಲ್ಲ. ಅದೂ ಅಲ್ಲದೆ, ವರ್ಷಗಳ ಹಿಂದೆ ನಾನು ಏನು ನಂಬಿದ್ದೆ ಅನ್ನೋದನ್ನ ಇವತ್ತಿನ ನೆನಪಿನಿಂದ ಹೇಳಬೇಕಿತ್ತು. ಮತಾಂತರವಾದ ಯಾರನ್ನೇ ಕೇಳಿ, ‘ನಾನು ಮೊದಲು ಘೋರ ನಾಸ್ತಿಕ’ ಅಂತಲೇ ಶುರು ಮಾಡೋದು.

ಸರಿಯಾದ ದಾರಿ ಯಾವುದಂದ್ರೆ, ತಗೊಳ್ಳೋ ಮುಂಚೆ ಕೇಳಿ, ಆಮೇಲೆ ಅದೇ ಜನರನ್ನ ಮತ್ತೆ ಕೇಳೋದು. ಗ್ರಿಫಿತ್ಸ್ ಕೂಡ ಇದ್ದ ತಂಡವೇ ಅದನ್ನೂ ಮಾಡಿತು, 2024ರಲ್ಲಿ ಪ್ರಕಟವಾಯ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ರು. ಅಲ್ಲಿ ಸಿಕ್ಕ ಉತ್ತರ: ಆಸ್ತಿಕ–ನಾಸ್ತಿಕ ಅನ್ನೋ ಹಣೆಪಟ್ಟಿ ಬದಲಾಗಲಿಲ್ಲ. ಬದಲಾಗಿದ್ದು ಬೇರೆ. ಪ್ರಾಣಿ, ಗಿಡ, ಕಲ್ಲು ಇಂಥವುಗಳಿಗೂ ಏನೋ ಒಂದು ಬಗೆಯ ಮನಸ್ಸಿದೆ ಅನ್ನೋ ಭಾವನೆ ಜಾಸ್ತಿಯಾಯ್ತು. ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಗಲಿಲ್ಲ. ಆಗಲ್ಲ ಬಿಡಿ, ‘ದೇವರು ಸಿಗಲಿಲ್ಲ’ ಅನ್ನೋದಕ್ಕೆ ಯಾರು ಶೀರ್ಷಿಕೆ ಕೊಡ್ತಾರೆ.

ಸುರಪುರದ ಅಣ್ಣ ಹೇಳಿದ್ದು ಇದಕ್ಕೆ ಸರಿಹೊಂದುತ್ತೆ. ಅಣಬೆ, ಎಲ್‌ಎಸ್‌ಡಿಯಂಥ ಪದಾರ್ಥಗಳು (ಗಾಂಜಾ ಕೂರೋದು ಬೇರೆ ಗ್ರಾಹಕಕ್ಕೆ) ಮಿದುಳಿನಲ್ಲಿ ಸೆರೊಟೋನಿನ್‌ನ ಒಂದು ಬಗೆಯ ಗ್ರಾಹಕಕ್ಕೆ ಕೂತು ಹಳೆಯ ಅಂದಾಜುಗಳ ಹಿಡಿತ ಸಡಿಲ ಮಾಡ್ತವೆ ಅಂತ ಕಾರ್ಹಾರ್ಟ್-ಹ್ಯಾರಿಸ್, ಫ್ರಿಸ್ಟನ್ ಅನ್ನೋ ವಿಜ್ಞಾನಿಗಳು 2019ರಲ್ಲೇ ವಾದ ಮಂಡಿಸಿದ್ದಾರೆ. ಸಡಿಲವಾದದ್ದು ಯಾವ ಕಡೆ ವಾಲುತ್ತೆ? ಪಕ್ಕದಲ್ಲಿ ಯಾರು ಕೂತಿದ್ದಾರೆ, ಏನು ಹಾಡ್ತಿದ್ದಾರೆ ಅನ್ನೋದರ ಮೇಲೆ. ಕಾಕಾ ಪಕ್ಕದಲ್ಲಿದ್ರೆ ಮೌನೇಶ್ವರ, ಪ್ರಯೋಗಾಲಯದಲ್ಲಿ ಮೆತ್ತನೆ ಸೋಫಾ ಮೇಲೆ ಚರ್ಚ್ ಸಂಗೀತ ಕೇಳ್ತಾ ಮಲಗಿದ್ರೆ ‘ಪರಮ ಸತ್ಯ’.

---

ರಾತ್ರಿಪಾಳಿ

ನಾನು ಕರಾವಳಿಯ ಒಂದು ಆಸ್ಪತ್ರೆಯ ಮನೋರೋಗ ವಾರ್ಡಿನ ನರ್ಸು. ಊರು, ಆಸ್ಪತ್ರೆ ಕೇಳಬೇಡಿ ಮಾರಾಯ್ರೆ.

ನಿಮ್ಮ ಚರ್ಚೆಯಲ್ಲಿ ನಂಬಿಕೆ ‘ಬಂತು, ಹೋಯ್ತು’ ಎರಡೇ ಇದೆ. ನಾವು ನೋಡುವುದು ಮೂರನೆಯದ್ದು, ತಾನೇ ದೇವರಾಗುವುದು. ಇಪ್ಪತ್ತರ ಆಸುಪಾಸಿನ ಹುಡುಗರು, ದಿನಾ ಗಾಂಜಾ. ಒಬ್ಬ ತಾನು ಕಲ್ಕಿ ಅಂತಾನೆ. ಇನ್ನೊಬ್ಬನಿಗೆ ದೈವ ಮೈಮೇಲೆ ಬಂದಿದೆ, ಇಳಿಯುವುದೇ ಇಲ್ಲ. ಕ್ರಿಶ್ಚಿಯನ್ ಮನೆಯವನಾದರೆ ಯೇಸುವಿನ ಎರಡನೇ ಬರುವಿಕೆ, ಬ್ಯಾರಿ ಹುಡುಗನಾದರೆ ಮೆಹದಿ. ಮನೆಯಲ್ಲಿ ಏನು ಕೇಳಿ ಬೆಳೆದಿದ್ದಾರೋ ಅದೇ ವೇಷ ಹಾಕಿಕೊಂಡು ಬರುತ್ತದೆ. ತುಳುನಾಡಿನಲ್ಲಿ ಕೋಲದ ದೈವ ಬರುವುದಕ್ಕೊಂದು ದಿನ, ಜಾಗ, ಪಾತ್ರಿ, ಪಾಡ್ದನ, ಕಡೆಗೆ ಇಳಿಯುವ ಕ್ರಮ ಅಂತ ಉಂಟು. ವಾರ್ಡಿಗೆ ಬರುವ ಹುಡುಗನಿಗೆ ಅದು ಯಾವುದೂ ಇಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಹದಿಹರೆಯದಲ್ಲೇ ಶುರು ಮಾಡಿದವರಿಗೆ, ದಿನಾ ಸೇದುವವರಿಗೆ, ಟಿಎಚ್‌ಸಿ (ಗಾಂಜಾದಲ್ಲಿ ನಶೆ ತರುವ ಅಂಶ) ಹೆಚ್ಚಿರುವ ಮಾಲು ಸೇದುವವರಿಗೆ, ಮನೆಯಲ್ಲಿ ಯಾರಿಗಾದರೂ ಮನೋರೋಗ ಇದ್ದವರಿಗೆ ಅಪಾಯ ಜಾಸ್ತಿ. ಅಣಬೆ, ಎಲ್‌ಎಸ್‌ಡಿ ಪ್ರಯೋಗ ಮಾಡುವವರೂ ಮನೆಯಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಮೊದಲೇ ಬೇಡ ಎಂದು ಕಳಿಸಿಬಿಡುತ್ತಾರೆ. ಹಾಗಾಗಿ ಆ ಪ್ರಯೋಗಗಳ ವರದಿಯಲ್ಲಿ ನನ್ನ ವಾರ್ಡಿನ ಹುಡುಗರು ಕಾಣುವುದಿಲ್ಲ.

ಇನ್ನೊಂದು, ಶಿವನಿಗೆ ಪ್ರಿಯ ಅಂತ ದತ್ತೂರಿ ಬೀಜ ತಿನ್ನುವವರಿದ್ದಾರೆ. ಅದು ಭಂಗಿಯ ಜಾತಿಯೇ ಅಲ್ಲ, ಶುದ್ಧ ವಿಷ. ಹೂ ಪೂಜೆಗಿಡಿ, ಅಷ್ಟೇ.

---

ಚಾರ್ಲ್ಸ್ ನದಿ ಕನ್ನಡಿಗ

ಬಾಸ್ಟನ್‌ನಿಂದ. ಇಲ್ಲಿನ ಕಾಮನ್‌ವೆಲ್ತ್ ಅವೆನ್ಯೂ ಮೇಲೆ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್ ಇದೆ. ಈ ಚರ್ಚೆಯ ಮೂಲಸ್ಥಾನ ಅದೇ ಅನ್ನಬಹುದು.

1962ರ ಏಪ್ರಿಲ್ 20, ಗುಡ್ ಫ್ರೈಡೇ. ವಾಲ್ಟರ್ ಪಾಂಕೆ ಅನ್ನೋ ಸಂಶೋಧಕ 20 ಮಂದಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನ ನೆಲಮಾಳಿಗೆಯ ಸಣ್ಣ ಚಾಪೆಲ್‌ನಲ್ಲಿ ಕೂರಿಸಿದ. ಹತ್ತು ಜನಕ್ಕೆ ಸೈಲೊಸಿಬಿನ್, ಹತ್ತು ಜನಕ್ಕೆ ಮುಖ ಬಿಸಿಯಾಗಿ ಕೆಂಪಾಗುವ ನಿಯಾಸಿನ್. ಮೇಲ್ಗಡೆ ನಡೀತಿದ್ದ ಪ್ರಾರ್ಥನೆ ಸ್ಪೀಕರಿನಲ್ಲಿ ಕೆಳಗೆ ಕೇಳಿಸ್ತಿತ್ತು. ಆ ಪ್ರವಚನ ಕೊಟ್ಟವರು ಹೋವರ್ಡ್ ಥರ್ಮನ್, ಭಾರತಕ್ಕೆ ಬಂದು 1936ರಲ್ಲಿ ಗಾಂಧೀಜಿಯನ್ನ ಭೇಟಿ ಮಾಡಿದ್ದ ಕಪ್ಪು ಜನಾಂಗದ ಧರ್ಮಗುರು. ಯಾರಿಗೆ ಏನು ಕೊಟ್ಟಿದ್ದಾರೆ ಅನ್ನೋದು ಗುಟ್ಟಾಗಿರಬೇಕಿತ್ತು. ಆದ್ರೆ ಸ್ವಲ್ಪ ಹೊತ್ತಿಗೇ ಗೊತ್ತಾಗಿಹೋಯ್ತು. ಒಂದು ಗುಂಪು ಗಂಭೀರವಾಗಿ ಕೂತಿತ್ತು, ಇನ್ನೊಂದರಲ್ಲಿ ಒಬ್ಬ ಬೆಂಚಿನ ಮೇಲೆ ಮಲಗಿದ್ದ, ಮತ್ತೊಬ್ಬ ಸುಮ್ಮನೆ ಓಡಾಡ್ತಿದ್ದ.

ಸೈಲೊಸಿಬಿನ್ ತಗೊಂಡವರಲ್ಲಿ ಹೆಚ್ಚಿನವರಿಗೆ ‘ದರ್ಶನ’ ಆಯ್ತು ಅಂತ ಪಾಂಕೆ ಬರೆದ. ಒಬ್ಬ ಹುಡುಗ ಮೆಸ್ಸಾಯನ ಆಗಮನ ಸಾರಬೇಕು ಅಂತ ಬೀದಿಗಿಳಿದಿದ್ದು, ಅವನನ್ನ ಹಿಡಿದು ತಂದು ಥೊರಜೈನ್ ಅನ್ನೋ ಶಾಂತಗೊಳಿಸೋ ಔಷಧಿ ಚುಚ್ಚಿದ್ದು ಮಾತ್ರ ಬರೀಲಿಲ್ಲ. ಅದು ಹೊರಗೆ ಬಂದಿದ್ದು 1991ರಲ್ಲಿ, ರಿಕ್ ಡೋಬ್ಲಿನ್ ಆ ಹಳೆಯ ವಿದ್ಯಾರ್ಥಿಗಳನ್ನ ಹುಡುಕಿ ಮಾತಾಡಿಸಿ ಬರೆದ ಮೇಲೆ. ರಾತ್ರಿಪಾಳಿ ಮೇಡಂ ಹೇಳಿದ ಮೂರನೆಯದ್ದು ಅಲ್ಲೂ ಇತ್ತು ನೋಡಿ.

ಹಾಗಂತ ಉಳಿದವರನ್ನ ತಳ್ಳಿಹಾಕಕ್ಕಾಗಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೂ ಅವರಲ್ಲಿ ಹೆಚ್ಚಿನವರು ಅದು ನಿಜವಾದ ಅನುಭವ ಅಂತಲೇ ಹೇಳಿದ್ರು. ಆದ್ರೆ ಅವರೆಲ್ಲ ಅವತ್ತು ಬೆಳಿಗ್ಗೆಯೂ ಕ್ರಿಶ್ಚಿಯನ್ನರೇ, ದೇವರ ಕೆಲಸಕ್ಕೆ ಓದ್ತಿದ್ದವರೇ. ಅದಕ್ಕೇ 2025ರಲ್ಲಿ ಹಾಪ್ಕಿನ್ಸ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 29 ಧರ್ಮಗುರುಗಳಿಗೆ ಸೈಲೊಸಿಬಿನ್ ಕೊಟ್ಟು ಪ್ರಕಟಿಸಿದ ಅಧ್ಯಯನದ ಬಗ್ಗೆ ನನಗೆ ಅಷ್ಟೇನೂ ಅಚ್ಚರಿ ಇಲ್ಲ. ಬಹುತೇಕ ಎಲ್ಲರೂ ಬದುಕಿನ ಅತಿ ದೊಡ್ಡ ಆಧ್ಯಾತ್ಮಿಕ ಅನುಭವಗಳಲ್ಲಿ ಒಂದು ಅಂದ್ರಂತೆ. ಹೇಳದೆ ಏನು ಮಾಡ್ತಾರೆ? ಬಾಣಸಿಗರನ್ನ ಕರೆದು ಹಸಿವಾಗೋ ಔಷಧಿ ಕೊಟ್ಟ ಹಾಗೆ.

---

ಬಹಮನಿ ಕೋಟೆ ಬಾಗಿಲು

ಕಲಬುರಗಿಯಿಂದ. ನಮ್ಮಲ್ಲಿ ಆಲಿಮರನ್ನ, ಅಂದ್ರ ಧರ್ಮಪಂಡಿತರನ್ನ ಕೇಳಿದ್ರ ಒಂದೇ ಮಾತು, ನಶೆ ಹರಾಮ್, ಮುಗೀತು. ಆದ್ರ ಹಳ್ಳಿ ದರ್ಗಾದ ಕಟ್ಟಿ ಮ್ಯಾಲೆ ಹಸಿರು ಚಾದರ ಹೊದ್ದ ಮಲಂಗ ಫಕೀರರು ಚಿಲುಮಿ ಸೇದೂದು ಸಣ್ಣವರಿದ್ದಾಗಿಂದ ನೋಡೀವಿ. ಜಗಳ ಹಳೇದು. ಖೊರಾಸಾನದ ಶೇಖ್ ಹೈದರ್ ಅನ್ನೋ ಫಕೀರ ಬಿಸಿಲಾಗ ಒಂದೇ ಗಿಡ ಕುಣಿಯೂದು ಕಂಡು ಅದರ ಎಲಿ ತಿಂದು ಆನಂದ ಆದ, ಶಿಷ್ಯರಿಗೂ ಹೇಳಿದ ಅಂತ ಕಥಿ ಅದ. ಮುಂದ ದಮಾಸ್ಕಸ್‌ದಾಗ ಇಬ್ನ್ ತೈಮಿಯ್ಯಾ ಅನ್ನೋ ಧರ್ಮಪಂಡಿತರು ಅದೇ ಗಿಡದ ವಿರುದ್ಧ ಕಟುವಾಗಿ ಫತ್ವಾ ಬರದರು.

ನಮ್ಮ ಅಜ್ಜ ಐದು ಹೊತ್ತಿನ ನಮಾಜಿ. ಮಲಂಗನಿಗೆ ರೊಟ್ಟಿ ಕಳಸ್ತಿದ್ರು, ಅವನ ಚಿಲುಮಿ ಹತ್ರ ನಮ್ಮನ್ನ ಬಿಡ್ತಿರಲಿಲ್ಲ. ‘ಅವನಿಗೆ ಅಲ್ಲಾಹ್ ಬೇಕು ಅಂತ ಎಲ್ಲಾ ಬಿಟ್ಟಾನ, ನಿಮಗ ಬರೇ ಹೊಗಿ ಬೇಕು’ ಅಂತಿದ್ರು.

ಶರೀಫ್ ಸಾಹೇಬರ ಗುಡುಗುಡಿ ಪದ ಇಲ್ಲಿ ಯಾರಾದರೂ ತಂದೇ ತರ್ತಾರ, ಅದಕ್ಕ ಮೊದಲ ಹೇಳ್ತೀನಿ. ಅದರಾಗ ಕೊಚ್ಚಿ ಚಿಲುಮಿಗೆ ತುಂಬೂದು ಮೋಹ, ಹಚ್ಚೂ ಬೆಂಕಿ ಬುದ್ಧಿ. ಅದನ್ನ ಹಾಡಿಕೋತ ಗಾಂಜಾ ಸೇದಾವರು ಪದ ಅರ್ಧಾನೇ ಕೇಳ್ಯಾರ.

---

ಗೋಕರ್ಣದ ಹಳಬ

ನನಗೆ ಎಪ್ಪತ್ತು ದಾಟಿತು. ಹಿಪ್ಪಿಗಳು ಬಂದಾಗಿನಿಂದ ಕಂಡಿದ್ದೇನೆ. ನಮ್ಮ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಕೊಡುತ್ತಿದ್ದೆವು.

ಬಂದವರಲ್ಲಿ ಹಲವರ ಕಥೆ ಒಂದೇ. ಊರಲ್ಲಿ ಚರ್ಚು ಬಿಟ್ಟಿದ್ದರು, ಎಲ್‌ಎಸ್‌ಡಿ ತಿಂದರು, ಏನೋ ಕಂಡರು, ಕಂಡದ್ದಕ್ಕೆ ಹೆಸರು ಬೇಕಾಗಿತ್ತು, ಹೆಸರು ಹುಡುಕಿಕೊಂಡು ಇಂಡಿಯಾಕ್ಕೆ ಬಂದರು. ಇವರೆಲ್ಲರ ದೊಡ್ಡಣ್ಣ ರಿಚರ್ಡ್ ಆಲ್ಪರ್ಟ್. ಹಾರ್ವರ್ಡಿನ ಮನಶ್ಶಾಸ್ತ್ರದ ಮೇಷ್ಟ್ರು, ಯಹೂದಿ ಮನೆಯವನು, ದೇವರ ಗೊಡವೆ ಇಲ್ಲದವನು. ಸೈಲೊಸಿಬಿನ್ ಗಲಾಟೆಯಲ್ಲಿ 1963ರಲ್ಲಿ ಹಾರ್ವರ್ಡಿನಿಂದ ಹೊರಬಿದ್ದ. 1967ರಲ್ಲಿ ಹಿಮಾಲಯದ ಕಡೆ ನೀಮ್ ಕರೋಲಿ ಬಾಬಾರನ್ನು ಕಂಡು ರಾಮ್ ದಾಸ್ ಆದ. ಬಾಬಾರಿಗೆ ಎಲ್‌ಎಸ್‌ಡಿ ಮಾತ್ರೆ ಕೊಟ್ಟೆ, ಅವರಿಗೆ ಏನೂ ಆಗಲಿಲ್ಲ ಎಂದು ಅವನೇ ಹೇಳಿಕೊಂಡು ತಿರುಗಿದ. ನಿಜವೋ ಸುಳ್ಳೋ, ಆ ಕಥೆ ಕೇಳಿ ಬಂದವರು ನಮ್ಮ ಜಗಲಿಯ ಮೇಲೂ ಕೂತು ಹೋಗಿದ್ದಾರೆ.

ಅದೇ ಹೊತ್ತಿಗೆ ಅಹ್ಮದ್‌ನಗರದ ಮೆಹರ್ ಬಾಬಾ ಬೇರೆಯೇ ಹೇಳಿದರು. 1966ರಲ್ಲಿ ಅವರ ಕಡೆಯಿಂದ ಒಂದು ಪುಟ್ಟ ಪುಸ್ತಿಕೆಯೇ ಬಂತು, ಮಾತ್ರೆಯಲ್ಲಿ ದೇವರಿಲ್ಲ, ಅದು ಹಾಳುಮಾಡುತ್ತದೆ ಎಂದು. ಹಾಗಾಗಿ ‘ಭಾರತದ ಸಂತರೆಲ್ಲ ನಶೆಗೆ ಒಪ್ಪಿದ್ದರು’ ಎನ್ನುವುದು ಬುರುಡೆ.

ನಮ್ಮಲ್ಲಿಗೆ ಬಂದವರಲ್ಲಿ ಒಬ್ಬ ಇವತ್ತಿಗೂ ಇದ್ದಾನೆ. ಕೋಟಿತೀರ್ಥದಲ್ಲಿ ಸ್ನಾನ, ಮಹಾಬಲೇಶ್ವರನ ದರ್ಶನ, ಸಂಜೆ ರುದ್ರ ಕೇಳುವುದು. ಅಮಲಿನ ಮಾತೆತ್ತಿದರೆ ನಕ್ಕು ಬಿಡುತ್ತಾನೆ. ಉಳಿದ ಹೆಚ್ಚಿನವರು ಮಳೆ ಶುರುವಾಗುತ್ತಿದ್ದಂತೆ ಟಿಕೆಟ್ ಮಾಡಿಸಿದರು. ಆಷಾಢದ ಗೋಕರ್ಣ ಕಂಡವರಿಗೆ ಅದರ ಕಾರಣ ಹೇಳಬೇಕಾಗಿಲ್ಲ.

---

ಧಾರವಾಡದಾಕಿ

ಎಲ್ಲಾರೂ ಬರದದ್ದು ಓದಿದೆ. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಚಿಲುಮಿ ಸುತ್ತ ಕುಂತವರೊಳಗ ಹೆಣ್ಮಕ್ಕಳು ಎಷ್ಟು ಮಂದಿ? ಶಿವರಾತ್ರಿಗೆ ಉಪವಾಸ ಇದ್ದು ನಾಲ್ಕೂ ಯಾಮ ಎಚ್ಚರ ಕೂಡಾಕಿ ನಮ್ಮವ್ವ. ಭಂಗಿ ಕುಡದು ‘ಶಿವನ ಲಹರಿ’ ಅಂತ ಜಗಲಿ ಮ್ಯಾಲೆ ಉರುಳಾಂವ ನಮ್ಮ ಮಾಮಾ. ಬೆಳಿಗ್ಗಿ ಮಾಮಾಗ ಜ್ಞಾನ ಆಗಿರ್ತಿತ್ತು, ಅವ್ವ ಪಾರಣಿ ಅಡಿಗಿಗೆ ಒಲಿ ಹಚ್ಚತಿದ್ದಳು.

ಮೆಕ್ಸಿಕೋದ ಮರಿಯಾ ಸಬೀನಾ ಅಂತ ಒಬ್ಬ ಹೆಣ್ಮಗಳ ಕಥಿ ಹೇಳ್ತೀನಿ. ಓಹಾಕಾ ರಾಜ್ಯದ ವಾವುತ್ಲ ಅನ್ನೋ ಗುಡ್ಡದೂರಿನಾಕಿ, ಮಸಾತೆಕ್ ಜನಾಂಗ, ಬಡವಿ. ರಾತ್ರಿ ಕತ್ತಲದಾಗ ಅಣಬಿ ತಿಂದು ಹಾಡಿಕೋತ ರೋಗಿಗೆ ಏನಾಗೇದ ಅಂತ ನೋಡಾಕಿ. 1955ರಾಗ ಗಾರ್ಡನ್ ವಾಸನ್ ಅನ್ನೋ ನ್ಯೂಯಾರ್ಕಿನ ಬ್ಯಾಂಕಿನಾಂವ ಬಂದ. 1957ರಾಗ ದೊಡ್ಡ ಪತ್ರಿಕೆಯೊಳಗ ಬರದ. ಆಮ್ಯಾಲೆ ಹಿಂಡುಗಟ್ಟಲೆ ಮಂದಿ ಬಂದ್ರು. ಪೊಲೀಸರು ಬಂದ್ರು, ಯಾರೋ ಆಕಿ ಮನಿ ಸುಟ್ಟರು. ವಯಸ್ಸಾದ ಮ್ಯಾಲೆ ಆಕಿ ಹೇಳಿದ್ದು ಇಷ್ಟು: ಮೊದಲೆಲ್ಲ ನಮ್ಮವರು ಅಣಬಿ ತಿಂತಿದ್ದದ್ದು ಜಡ್ಡು ವಾಸಿ ಆಗಲಿ ಅಂತ, ಬರೇ ದೇವರನ್ನ ಹುಡುಕಾಕ ಯಾರೂ ತಿಂತಿರಲಿಲ್ಲ. ಪರದೇಶದವರು ಬಂದ ಮ್ಯಾಲೆ ಅಣಬಿ ಶಕ್ತಿ ಕಳಕೊಂಡಾವು.

ಇದೇ ವಾಸನ್ 1968ರಾಗ ಋಗ್ವೇದದ ಸೋಮ ಅಂದ್ರ ಅಣಬಿ ಅಂತ ದಪ್ಪ ಪುಸ್ತಕ ಬರದ. ಬಹಳ ವಿದ್ವಾಂಸರು ಒಪ್ಪಲಿಲ್ಲ. ಆದ್ರ ಇನ್‌ಸ್ಟಾಗ್ರಾಮಿನ್ಯಾಗ ನಮ್ಮ ಹುಡುಗರು ‘ಋಷಿಗಳೇ ತಿಂತಿದ್ದರು’ ಅಂತ ಹಾಕ್ಕೋತಾರ.

---

ಕರಿಕೋಟು

ವಕೀಲ. ಚುಟುಕಾಗಿ. 1985ರ ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯಲ್ಲಿ ಗಾಂಜಾ ಅಂದ್ರೆ ಗಿಡದ ಹೂ-ಕಾಯಿ ಬಿಟ್ಟ ತುದಿ. ತುದಿ ಜತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿಲ್ಲ. ಭಂಗಿ ಹಾಗೇ ತಪ್ಪಿಸಿಕೊಂಡಿದ್ದು. ಬೆಂಗಳೂರಿನಲ್ಲಿ ಭಂಗಿ ಸಮೇತ ಸಿಕ್ಕಿಬಿದ್ದವನಿಗೆ ನಮ್ಮ ಹೈಕೋರ್ಟ್ 2022ರಲ್ಲಿ ಜಾಮೀನು ಕೊಟ್ಟಿದ್ದೂ ಇದೇ ಕಾರಣಕ್ಕೆ. ಚರಸ್, ಗಾಂಜಾ, ಎಲ್‌ಎಸ್‌ಡಿ, ಸೈಲೊಸಿಬಿನ್ ಎಲ್ಲ ಅಪರಾಧವೇ. ಗಾಂಜಾ ಪ್ರಸಾದ ಅಂದ್ರೂ ವಿನಾಯಿತಿ ಇಲ್ಲ. ಕೊಡೈಕೆನಾಲಿಗೆ ಹೋಗಿ ಅಣಬೆ ಹುಡುಕೋ ಬೆಂಗಳೂರಿನ ಹುಡುಗರು ಇದನ್ನ ಓದಿಕೊಳ್ಳಲಿ.

---

ಚಾರ್ವಾಕನ ಸೋದರಳಿಯ

ತುಂಗಾತೀರದವರೇ, ನಿಮ್ಮ ಟ್ಯಾಂಕಿನ ಪ್ರಸಂಗ ಓದಿದಾಗಿನಿಂದ ಸೂಸನ್ ಬ್ಲ್ಯಾಕ್‌ಮೋರ್ ನೆನಪಾಗ್ತಿದ್ದಾರೆ. 1970ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿನಿ. ಸ್ನೇಹಿತರ ಕೋಣೆಯಲ್ಲಿ ಸ್ವಲ್ಪ ಗಾಂಜಾ, ಸಂಗೀತ, ನಿದ್ದೆಗೆಟ್ಟ ಮೈ. ಇದ್ದಕ್ಕಿದ್ದಂತೆ ಮೈ ಬಿಟ್ಟು ಚಾವಣಿಗೇರಿ ಕೆಳಗೆ ತನ್ನನ್ನೇ ನೋಡಿದ ಅನುಭವ. ಸ್ನೇಹಿತ ಪ್ರಶ್ನೆ ಕೇಳ್ತಿದ್ದ, ಕೆಳಗಿದ್ದ ಬಾಯಿ ಉತ್ತರ ಕೊಡ್ತಿತ್ತು. ಆತ್ಮ ಇದೆ ಅಂತ ಖಾತ್ರಿಯಾಯ್ತು. ಅದನ್ನ ಸಾಬೀತು ಮಾಡ್ತೀನಿ ಅಂತಲೇ ಅತೀಂದ್ರಿಯ ವಿದ್ಯೆಯಲ್ಲಿ ಪಿಎಚ್‌ಡಿ ಮಾಡಿದರು. ವರ್ಷಗಟ್ಟಲೆ ಪ್ರಯೋಗ ಮಾಡಿದರು, ಏನೂ ಸಿಗಲಿಲ್ಲ. ಮೇಲಿಂದ ಕಂಡಿದ್ದ ಕಟ್ಟಡದ ಮಾಡಿಗೂ ನಿಜವಾದ ಮಾಡಿಗೂ ತಾಳೆ ಆಗಿರಲಿಲ್ಲ. ಕಡೆಗೆ ಬ್ರಿಟನ್ನಿನ ಹೆಸರಾಂತ ಸಂದೇಹವಾದಿ ಆದರು. 2002ರಲ್ಲಿ ಓಲಾಫ್ ಬ್ಲಾಂಕೆ ತಂಡ ಮೂರ್ಛೆರೋಗದ ಮಹಿಳೆಯೊಬ್ಬರ ಮಿದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆಗೂ ಮೇಲಿನಿಂದ ತನ್ನನ್ನ ನೋಡಿದ ಹಾಗಾಯ್ತು.

ನನಗೆ ಆಕೆಯಲ್ಲಿ ಇಷ್ಟವಾಗೋದು, ಅನುಭವ ಸುಳ್ಳು ಅಂತ ಎಂದೂ ಹೇಳಲಿಲ್ಲ. ಅನುಭವ ನಿಜ, ಅದರಿಂದ ತೆಗೆದ ತೀರ್ಮಾನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಅಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ಹೇಳಿದ್ದು ಇದಕ್ಕೆ ಹತ್ತಿರ: ಅಂಥ ದರ್ಶನ ಕಂಡವನಿಗೆ ಪ್ರಮಾಣ, ಕಾಣದವನು ಒಪ್ಪಲೇಬೇಕು ಅಂತಿಲ್ಲ. ಆ ಮನುಷ್ಯ ನೈಟ್ರಸ್ ಆಕ್ಸೈಡ್ (ನಗೆ ಅನಿಲ) ಎಳೆದು ನೋಡಿದ್ದವನು, ಗೊತ್ತಿಲ್ಲದೆ ಹೇಳಿದ ಮಾತಲ್ಲ.

---

ತುಂಗಾತೀರದವ

ಬ್ಲ್ಯಾಕ್‌ಮೋರ್ ಕಥೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದ್ರೆ ಸುರಪುರದವರು ಕೊಟ್ಟ ಏಟು ಇನ್ನೂ ಉರೀತಿದೆ. ‘ಗುರು ಇದ್ದಿಲ್ಲ’ ಅಂತೀರಲ್ಲ, ಹಾಗಾದ್ರೆ ಗುರು ಕೊಡೋದು ಏನು? ಆ ಭಾವಕ್ಕೆ ಯಾವ ಹೆಸರು ಇಡಬೇಕು ಅನ್ನೋದನ್ನ. ಕಾಕಾ ಇದ್ದಿದ್ರೆ ನಾನು ಟ್ಯಾಂಕಿನ ಬದಲು ಮೌನೇಶ್ವರ ಅಂತಿದ್ದೆ. ಅದು ನನ್ನ ವಾದಕ್ಕೇ ಬಲ ಕೊಡುತ್ತೆ.

---

ಸುರಪುರದಾಂವ

ಹೆಸರು ಅಷ್ಟ ಅಲ್ಲ ಅಣ್ಣಾ. ಮರುದಿನ ಏನು ಮಾಡಬೇಕು ಅನ್ನೂದು. ಕಾಕಾ ಜಾತ್ರಿ ಮುಗಿಸಿ ಬಂದು ಹೊಲಕ್ಕ ಹೋಗ್ತಾನ, ಸಾಲ ಕೊಟ್ಟವರ ಮುಂದ ಸುಳ್ಳು ಹೇಳಂಗಿಲ್ಲ, ಯಾರ ಮನ್ಯಾಗ ಸಾವಾದ್ರೂ ಪದ ಹಾಡಾಕ ಹೋಗ್ತಾನ, ಜಾತಿ ಕೇಳಂಗಿಲ್ಲ. ನಿಮ್ಮ ಟ್ಯಾಂಕು ನಿಮಗ ಏನು ಮಾಡು ಅಂತು?

---

ತುಂಗಾತೀರದವ

ಮ್ಯಾಗಿ ಮಾಡು ಅಂತು.

---

ಟೊರಾಂಟೊ ಚಳಿ

😂 ಮ್ಯಾಗಿ ಉತ್ತರಕ್ಕೆ ಎದುರಿಲ್ಲ. ಆದ್ರೆ ಸುರಪುರದವರ ಮಾತು ನನ್ನ ಜಮೈಕಾದ ಸಹೋದ್ಯೋಗಿ ಹೇಳೋದಕ್ಕೆ ತುಂಬ ಹತ್ತಿರ. ಅವನು ರಾಸ್ತಫಾರಿ, ಜಮೈಕಾದಲ್ಲಿ ಹುಟ್ಟಿದ ಧಾರ್ಮಿಕ ಪಂಥದವನು. ಗಾಂಜಾ ಅವರಿಗೆ ಪವಿತ್ರ. ಆದ್ರೆ ಅವರ ನಂಬಿಕೆ ಹೊಗೆಯಿಂದ ಹುಟ್ಟಿದ್ದಲ್ಲ. ಬೈಬಲ್ಲು, ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯ ಮಾತು, 1930ರಲ್ಲಿ ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿಯ ಪಟ್ಟಾಭಿಷೇಕ, ಜತೆಗೆ ಗುಲಾಮಗಿರಿಯ ನೋವು. ಸೇದಿ ಸುತ್ತ ಕೂತು ಗಂಟೆಗಟ್ಟಲೆ ಬೈಬಲ್ ಚರ್ಚೆ ಮಾಡ್ತಾರೆ. ಗಿಡ ಅಲ್ಲಿಗೆ ಹೋಗಿದ್ದು ನಮ್ಮ ದೇಶದಿಂದ. 1845ರಿಂದ ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಜತೆ ಗಾಂಜಾ, ಚಿಲುಮೆ, ಆ ಹೆಸರು ಎಲ್ಲ ಹೋಯ್ತು. ಶಿವ ಮಾತ್ರ ಹೋಗಿ ಅಲ್ಲಿ ನಿಲ್ಲಲಿಲ್ಲ, ಯಹೋವ ಬಂದು ಕೂತ. 2015ರಲ್ಲಿ ಜಮೈಕಾ ಕಾನೂನು ಬದಲಿಸಿ ರಾಸ್ತಫಾರಿಗಳ ಧಾರ್ಮಿಕ ಬಳಕೆಗೆ ಅವಕಾಶ ಕೊಟ್ಟಿತು.

ಬ್ರಿಟಿಷರ ಕಾಲದ್ದೂ ಒಂದು ಇದೆ. 1893–94ರಲ್ಲಿ ಭಾರತದ ಭಂಗಿ-ಗಾಂಜಾ ಬಗ್ಗೆ ಆಯೋಗ ಮಾಡಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನ ಕ್ಯಾಂಬೆಲ್, ಗ್ರಿಯರ್ಸನ್ ಥರದ ಅಧಿಕಾರಿಗಳ ಟಿಪ್ಪಣಿಗಳ ಸಮೇತ ದಾಖಲಿಸಿದ್ರು. ಶಿವಭಕ್ತಿಗೂ ಇದಕ್ಕೂ ಇರೋ ನಂಟು ಅದರಲ್ಲಿ ಉದ್ದಕ್ಕೂ ಬರುತ್ತೆ. ಪೂರ್ತಿ ನಿಷೇಧ ಬೇಡ ಅಂತ ಆಯೋಗ ಹೇಳಿತು, ಜನರ ಧರ್ಮಕ್ಕೆ ಕೈಹಾಕಿದ ಹಾಗಾಗುತ್ತೆ ಅನ್ನೋದೂ ಒಂದು ಕಾರಣ. ತೆರಿಗೆ ಆದಾಯವೂ ಇತ್ತು ಅನ್ನಿ.

---

ಹಾಸನದ ಹೊಸಬ

ಎಲ್ರಿಗೂ ನಮಸ್ಕಾರ. ಚರ್ಚೆಗೆ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ, ರಾತ್ರಿಪಾಳಿ ಅಕ್ಕ ಬರೆದಿದ್ದು ಓದಿ ಕೇಳ್ತಿದೀನಿ. ನನ್ನ ತಮ್ಮನಿಗೆ 19. ಕಾಲೇಜು ಸೇರಿದಾಗಿನಿಂದ ಗಾಂಜಾ ಸೇದ್ತಾನೆ ಅಂತ ಈಗ ಗೊತ್ತಾಗಿದೆ. ಮೊದಲು ದೇವರ ಕೋಣೆಗೇ ಬರ್ತಿರಲಿಲ್ಲ. ಈಗ ವಾರದಿಂದ ನಿದ್ದೆ ಇಲ್ಲ, ಮಂಜುನಾಥ ಸ್ವಾಮಿ ಕಿವಿಯಲ್ಲಿ ಮಾತಾಡ್ತಾನೆ ಅಂತಾನೆ, ಊಟ ಬಿಟ್ಟಿದ್ದಾನೆ. ಅಮ್ಮ ಭಕ್ತಿ ಬಂತು ಅಂತ ಖುಷಿಯಾಗಿದ್ರು. ನಿನ್ನೆ ರಾತ್ರಿ ಪಕ್ಕದ ಮನೆಯವರು ವಿಷ ಹಾಕ್ತಿದ್ದಾರೆ ಅಂತ ಕುಡುಗೋಲು ಹುಡುಕ್ತಿದ್ದ. ಅಪ್ಪ ನಾಳಿದ್ದು ಯಾರೋ ಮಂತ್ರವಾದಿ ಹತ್ರ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ.

---

ರಾತ್ರಿಪಾಳಿ

ನಾಳಿದ್ದು ಅಲ್ಲ, ಇವತ್ತೇ ಹೊರಡಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು, ರಾತ್ರಿಯಾದರೆ ತುರ್ತು ವಿಭಾಗಕ್ಕೆ ಹೋಗಿ. ಅದಕ್ಕೆ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕಿದ್ದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ಹಣ ಕೊಡಲಿಕ್ಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡುಗೋಲು, ಕತ್ತಿ, ಗಿಡಕ್ಕೆ ಹೊಡೆಯುವ ಔಷಧಿ ಎಲ್ಲ ಮನೆಯಿಂದ ಈಚೆ ಇಡಿ. ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ.

ಮಂಜುನಾಥ ಮಾತಾಡುತ್ತಾನೋ ಇಲ್ಲವೋ ಅಂತ ಅವನ ಹತ್ತಿರ ವಾದಕ್ಕೆ ಇಳಿಯಬೇಡಿ. ‘ನಿದ್ದೆ ಇಲ್ಲದೆ ಸುಸ್ತಾಗಿದ್ದೀಯ, ನಿದ್ದೆಗೆ ಡಾಕ್ಟರನ್ನು ನೋಡಿ ಬರುವ’ ಅಂತ ಕರೆಯಿರಿ. ಅದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.

---

ಧಾರವಾಡದಾಕಿ

ತಮ್ಮಾ, ಅವ್ವಗ ‘ಇದು ಭಕ್ತಿ ಅಲ್ಲ’ ಅಂತ ಹೇಳಿ ನೋಯಿಸಬ್ಯಾಡ. ‘ಡಾಕ್ಟರ್ ಹತ್ರ ಹೋಗಿ ಬಂದು ಧರ್ಮಸ್ಥಳಕ್ಕ ಹರಕಿ ಹೇಳೋಣು’ ಅನ್ನು. ಆಕಿ ನಿನ್ನ ಕಡಿ ಬಂದ್ರ ಅಪ್ಪನೂ ಬರ್ತಾರ.

---

ಹಾಸನದ ಹೊಸಬ

ಅಮ್ಮ ಒಪ್ಪಿದ್ರು ಅಕ್ಕಾ. ಮಾವನ ಕಾರಲ್ಲಿ ಹೊರಟಿದ್ದೀವಿ. ಡಾಕ್ಟರ್ ಹತ್ರ ಗಾಂಜಾ ವಿಷಯ ಹೇಳಿದ್ರೆ ಪೊಲೀಸ್ ಕೇಸ್ ಆಗುತ್ತಾ ಅಂತ ಅಪ್ಪ ಹೆದರ್ತಿದ್ದಾರೆ. ವಿಭೂತಿ, ತಾಯತ ಕಟ್ಟಿದ್ದಾರೆ, ತೆಗೆಯಬೇಕಾ?

---

ರಾತ್ರಿಪಾಳಿ

ತಾಯತ ಇರಲಿ, ಯಾರೂ ಬೈಯುವುದಿಲ್ಲ. ಚಿಕಿತ್ಸೆಗೆ ಬಂದವನ ಮೇಲೆ ಡಾಕ್ಟರು ದೂರು ಕೊಡಲು ಹೋಗುವುದಿಲ್ಲ, ಅಪ್ಪನಿಗೆ ಧೈರ್ಯ ಹೇಳಿ. ಗಾಂಜಾ ವಿಷಯ ಮುಚ್ಚಿಟ್ಟರೆ ಔಷಧಿ ತಪ್ಪಾಗುತ್ತದೆ. ಏನು ಸೇದುತ್ತಿದ್ದ, ಎಷ್ಟು ಸಮಯದಿಂದ, ಕೊನೆಯ ಸಲ ಯಾವಾಗ, ನಿದ್ದೆ ಯಾವತ್ತಿನಿಂದ ಇಲ್ಲ, ಮನೆಯಲ್ಲಿ ಅಜ್ಜ, ದೊಡ್ಡಪ್ಪ ಯಾರಿಗಾದರೂ ಹೀಗೆ ಆಗಿತ್ತಾ, ಕಾರಿನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಧಾರ್ ಕಾರ್ಡು, ಬಿಪಿಎಲ್ ಕಾರ್ಡು ಇದ್ದರೆ ತಗೊಳ್ಳಿ. ಅಡ್ಮಿಟ್ ಮಾಡಬಹುದು, ಬಟ್ಟೆ ಒಂದು ಜತೆ ಇರಲಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಹಾಕಿ, ನನಗೆ ಬೆಳಿಗ್ಗೆ ಏಳರವರೆಗೆ ಡ್ಯೂಟಿ.